ಬೆಳ್ಳಿಯ ಬಲ ಯಾರ ಪಾಲು?

ಔಷಧಿಯ ಬಾಟಲಿ ದುಡ್ಡು ಕೊಟ್ಟು ಕೊಂಡವರದ್ದು. ಆದರೆ ಅದರೊಳಗಿರುವ, ರೋಗಾಣುವನ್ನು ಕೊಲ್ಲುವ ಗುಣ ಯಾರದ್ದು? ಬೆಳ್ಳಿಯ ನ್ಯಾನೊಕಣಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನ್ನನ್ನು ರಸಾಯನಶಾಸ್ತ್ರದ ಸಮೀಕರಣಗಳಿಗಿಂತ ಹೆಚ್ಚು ಕಾಡಿಸುತ್ತಿರುವುದು ಈ ಪ್ರಶ್ನೆ.

ಬೆಳ್ಳಿಗೂ ವೈದ್ಯಕ್ಕೂ ನಂಟು ಹಳೆಯದು. 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಪದ್ಧತಿ ತಂದು ಎಷ್ಟೋ ಮಕ್ಕಳನ್ನು ಕುರುಡುತನದಿಂದ ಪಾರುಮಾಡಿದ. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಸುಟ್ಟಗಾಯಗಳಿಗೆಂದು ಮುಂದಿಟ್ಟ ಸಿಲ್ವರ್ ಸಲ್ಫಾಡಯಜಿನ್ ಮುಲಾಮು ಇಂದಿಗೂ ನಮ್ಮೂರಿನ ಮೆಡಿಕಲ್ ಶಾಪುಗಳಲ್ಲಿ ಸಿಗುತ್ತದೆ. ನಾವು ಹೊಸದಾಗಿ ಮಾಡುತ್ತಿರುವುದು ಬೆಳ್ಳಿಯನ್ನು ಚಿಕ್ಕದಾಗಿಸುವ ಕೆಲಸ, ಅಷ್ಟೆ. ಒಂದು ಸೆಂಟಿಮೀಟರ್ ಬದಿಯ ಬೆಳ್ಳಿಯ ಘನಕ್ಕೆ 6 ಚದರ ಸೆಂಟಿಮೀಟರ್ ಮೇಲ್ಮೈ ಇರುತ್ತದೆ. ಅದನ್ನೇ 10 ನ್ಯಾನೊಮೀಟರ್‌ನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ 30–40ರ ಐದು ಸೈಟುಗಳಿಗಿಂತ ಹೆಚ್ಚು! ಮೇಲ್ಮೈ ಹೆಚ್ಚಿದಷ್ಟೂ ಬೆಳ್ಳಿಯ ಅಯಾನುಗಳು ಸುಲಭವಾಗಿ ಬಿಡುಗಡೆಯಾಗುತ್ತವೆ. ಅವು ಬ್ಯಾಕ್ಟೀರಿಯಾದ ಪೊರೆಗೆ, ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅದರ ಬದುಕನ್ನೇ ಕೆಡಿಸುತ್ತವೆ.

ಆದರೆ ಅಯಾನಿಗೆ ಶತ್ರು ಯಾರು, ಮಿತ್ರ ಯಾರು ಎಂಬುದು ಗೊತ್ತಿಲ್ಲ. ಗಾಯವನ್ನು ಮುಚ್ಚಲು ಬರುವ ನಮ್ಮದೇ ಚರ್ಮದ ಜೀವಕೋಶಗಳಲ್ಲೂ ಅದೇ ಗಂಧಕವಿದೆ. ಪ್ರಮಾಣ ಮೀರಿದರೆ ಬೆಳ್ಳಿ ಅವುಗಳಿಗೂ ವಿಷವೇ. ಅದಕ್ಕೇ ಸೋಂಕು ಹತೋಟಿಗೆ ಬಂದ ಮೇಲೆ ಬೆಳ್ಳಿಯ ಪಟ್ಟಿಯನ್ನು ಸುಮ್ಮನೆ ಮುಂದುವರಿಸಬಾರದು ಎನ್ನುತ್ತಾರೆ ವೈದ್ಯರು. ಇಲ್ಲಿ ನಿಲ್ಲಿಸುವುದೂ ಚಿಕಿತ್ಸೆಯ ಒಂದು ಭಾಗ.

ಗಾಯದ ಹೊರಗೆ ಮಾತ್ರ ನಿಲ್ಲಿಸುವವರು ಯಾರೂ ಇಲ್ಲ. ಬೆವರಿನ ವಾಸನೆ ಬಾರದಿರಲೆಂದು ಕಾಲುಚೀಲದಲ್ಲಿ ಬೆಳ್ಳಿ, ಊಟದ ಡಬ್ಬಿಯಲ್ಲಿ ಬೆಳ್ಳಿ. ಇಂಥ ಕಾಲುಚೀಲಗಳನ್ನು ನೀರಲ್ಲಿ ತೊಳೆದರೆ ಬೆಳ್ಳಿ ಹೊರಬರುತ್ತದೆ ಎಂದು ಅಮೆರಿಕದ ಅರಿಜೋನಾದ ಸಂಶೋಧಕರು 2008ರಲ್ಲೇ ತೋರಿಸಿದ್ದಾರೆ. ಹಾಗೆ ಚರಂಡಿ ಸೇರುವ ಅಲ್ಪಸ್ವಲ್ಪ ಬೆಳ್ಳಿ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಲಾರದು. ತಡೆದುಕೊಳ್ಳಬಲ್ಲವನ್ನು ಆರಿಸಿ ಉಳಿಸಬಹುದು.

ಬೆಳ್ಳಿ ಏಕಕಾಲಕ್ಕೆ ಹಲವು ಕಡೆ ದಾಳಿ ಮಾಡುವುದರಿಂದ ಅದಕ್ಕೆ ನಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾಗಳಿಗೆ ಸುಲಭವಲ್ಲ ಎಂಬುದು ನಿಜ. ಆದರೆ ಅಸಾಧ್ಯವೂ ಅಲ್ಲ. 1975ರಲ್ಲಿ ವರದಿಯಾದಂತೆ, ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡಿತು. ಅದು ಆ್ಯಂಪಿಸಿಲಿನ್ ಮತ್ತು ಕ್ಲೋರಾಂಫೆನಿಕಾಲ್‌ಗೂ ಬಗ್ಗುತ್ತಿರಲಿಲ್ಲ. ಇಂಥ ನಿರೋಧಗಳು ಒಂದೇ ಗಂಟಿನಲ್ಲಿ ಸಾಗಬಲ್ಲವು. ಬೆಳ್ಳಿಯನ್ನು ಪೋಲು ಮಾಡಿದರೆ ಪಕ್ಕದ ಔಷಧಿಯ ಬಲವೂ ಕುಂದಬಹುದು ಎಂದಾಯಿತು.

ನಮ್ಮ ಕಡೆಯ ಕೆರೆಗಳಿಗೆ ನೀರುಗಂಟಿ ಎಂಬವನಿದ್ದ. ಯಾರ ಗದ್ದೆಗೆ ಯಾವಾಗ, ಎಷ್ಟು ನೀರು ಎಂದು ನೋಡಿ ತೂಬು ತೆಗೆಯುವುದು ಅವನ ಕೆಲಸ. ಕೆರೆ ಯಾರೊಬ್ಬರದ್ದೂ ಅಲ್ಲ ಎಂಬ ಅರಿವಿನಿಂದ ಹುಟ್ಟಿದ ಹುದ್ದೆ ಅದು. ಬೆಳ್ಳಿಯ ಬಲವೂ ಅಂಥದೇ ಎಂದು ನನಗನ್ನಿಸುತ್ತದೆ. ಒಬ್ಬರು ಬಳಸಿದಷ್ಟೂ ಇನ್ನೊಬ್ಬರಿಗೆ ಕಡಿಮೆಯಾಗುವ ಸಂಪತ್ತು. ಕೆರೆಗಿಂತ ಇಲ್ಲಿ ಕಷ್ಟ ಹೆಚ್ಚು. ಕೆಳಗದ್ದೆಯವನು ಬಂದು ಜಗಳವಾದರೂ ಆಡಬಲ್ಲ. ಇನ್ನಿಪ್ಪತ್ತು ವರ್ಷದ ನಂತರ ಸುಟ್ಟಗಾಯದಿಂದ ನರಳುವವರು ಇವತ್ತು ಬಂದು ನಮ್ಮನ್ನು ಕೇಳಲಾರರು.

ಇದಕ್ಕೊಂದು ಆಕ್ಷೇಪ ಏಳಬಹುದು. ಕಾಲುಚೀಲ ಮಾಡುವವರನ್ನು ತಡೆಯಲು ಒಬ್ಬ ಸಂಶೋಧಕಿ ಯಾರು? ಜ್ಞಾನವನ್ನು ಹಂಚಿದ ಮೇಲೆ ಅದರ ಬಳಕೆ ಸಮಾಜಕ್ಕೆ ಬಿಟ್ಟದ್ದಲ್ಲವೇ? ಒಪ್ಪುತ್ತೇನೆ, ತೂಬಿನ ಕೀಲಿ ನನ್ನ ಕೈಯಲ್ಲಿಲ್ಲ. ಆದರೆ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ‘ಉಪಯೋಗಗಳು’ ಎಂಬ ಪಟ್ಟಿ ಬರೆಯುವವಳು ನಾನೇ. ಸುಟ್ಟಗಾಯ, ಮಧುಮೇಹಿಗಳ ಕಾಲಿನ ಹುಣ್ಣು, ಬಟ್ಟೆ, ಪ್ಯಾಕಿಂಗ್, ಬಣ್ಣ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆಯುವುದು ನಮ್ಮಲ್ಲಿ ರೂಢಿ. ಪಟ್ಟಿ ಉದ್ದವಾದಷ್ಟೂ ಸಂಶೋಧನೆಗೆ ತೂಕ ಹೆಚ್ಚು. ಹಾಗೆ ಬರೆದಾಗ ನೋವಿಗೂ ನಾತಕ್ಕೂ ಒಂದೇ ಬೆಲೆ ಕಟ್ಟಿದಂತಾಗುತ್ತದೆ. ಆ ಬೆಲೆ ಕಟ್ಟುವುದು ಮಾರುಕಟ್ಟೆಯಲ್ಲ, ನನ್ನ ವಾಕ್ಯ.

ಹಾಗಾಗಿ ನನ್ನ ಪಟ್ಟಿಯಲ್ಲಿ ಗಾಯಗಳಷ್ಟೇ ಇರುತ್ತವೆ. ಅದರ ಕೆಳಗೆ, ಯಾವಾಗ ಇದನ್ನು ಬಳಸಬಾರದು ಎಂಬ ಒಂದು ಪ್ಯಾರಾ. ಮಾರ್ಗದರ್ಶಕರು ಅಧ್ಯಾಯ ಚಿಕ್ಕದಾಯಿತಲ್ಲ ಎನ್ನಬಹುದು. ಸಂದರ್ಶನದಲ್ಲಿ ಪರೀಕ್ಷಕರು ಉಳಿದ ಉಪಯೋಗಗಳೆಲ್ಲಿ ಎಂದು ಕೇಳಬಹುದು. ಕೇಳಲಿ. ಆ ಪ್ರಶ್ನೆಗೆ ಉತ್ತರಿಸುವುದೂ ಪಿಎಚ್.ಡಿ.ಯ ಒಂದು ಭಾಗವೇ ಎಂದುಕೊಂಡಿದ್ದೇನೆ.