ತಾನೊಂದು ನೆನೆದರೆ ದೈವವೊಂದು ಬಗೆಯಿತು

ಮೇಲುಕೋಟೆಗೆ ಬರುವ ಭಕ್ತಾದಿಗಳೆಲ್ಲರೂ ಸಂತೋಷದಿಂದಲೇ ಬರುತ್ತಾರೆ ಎಂದು ಹೇಳಲಾಗದು. ಕಲ್ಯಾಣಿಯಲ್ಲಿ ಕೈಕಾಲು ತೊಳೆದು, ಶ್ರೀ ಚೆಲುವನಾರಾಯಣಸ್ವಾಮಿಯ ದರ್ಶನ ಮಾಡಿ, ಯೋಗಾನರಸಿಂಹಸ್ವಾಮಿಯ ಬೆಟ್ಟದ ಮೆಟ್ಟಿಲು ಹತ್ತುವಾಗ ಒಬ್ಬರ ಮನಸ್ಸಿನಲ್ಲಿ ನೀರು ಬಾರದ ಬೋರ್‌ವೆಲ್ಲಿನ ಸಾಲ ಇರುತ್ತದೆ. ಇನ್ನೊಬ್ಬರಿಗೆ ಮಗಳ ಮುರಿದ ಮದುವೆಯ ಚಿಂತೆ. ಮತ್ತೊಬ್ಬರಿಗೆ ನಡುವಯಸ್ಸಿನಲ್ಲಿ ಕೈತಪ್ಪಿದ ಕೆಲಸದ ಚಿಂತೆ. "ಯಾರಿಗೂ ಕೇಡು ಬಗೆದವನಲ್ಲ, ದೇವರು ನನಗೇ ಯಾಕಪ್ಪಾ ಹಿಂಗೆ ಮಾಡಿದ?" ಎಂಬ ಪ್ರಶ್ನೆ ಎಲ್ಲರದೂ ಒಂದೇ.

ಈ ಪ್ರಶ್ನೆ ಹೊತ್ತು ಈ ಕ್ಷೇತ್ರಕ್ಕೆ ಬರುವುದು ಸರಿಯೇ ಆಗಿದೆ. ಏಕೆಂದರೆ ಮೇಲುಕೋಟೆಯ ಕಥೆ ಶುರುವಾಗುವುದೇ ಒಂದು ದೊಡ್ಡ ಕಷ್ಟದಿಂದ.

ಕ್ರಿ.ಶ. 1017ರಲ್ಲಿ ಶ್ರೀಪೆರುಂಬೂದೂರಿನಲ್ಲಿ ಜನಿಸಿದರೆಂದು ಹೇಳಲಾಗುವ ಶ್ರೀ ರಾಮಾನುಜಾಚಾರ್ಯರಿಗೆ ಶ್ರೀರಂಗವೇ ಮನೆ, ಶ್ರೀರಂಗನಾಥನೇ ಸರ್ವಸ್ವ. ಸಂಪ್ರದಾಯದ ಲೆಕ್ಕದಂತೆ ಎಂಬತ್ತರ ಆಸುಪಾಸಿನಲ್ಲಿ, ಚೋಳ ಅರಸನ ಕೋಪಕ್ಕೆ ಗುರಿಯಾಗಿ ಅವರು ಆ ಮನೆಯನ್ನು ಬಿಡಬೇಕಾಯಿತು. ಕಾಷಾಯ ತೆಗೆದು ಬಿಳಿ ಬಟ್ಟೆ ಉಟ್ಟು, ಕೆಲವೇ ಶಿಷ್ಯರ ಜೊತೆ ಕಾಡುದಾರಿ ಹಿಡಿದರು. ಕಾಡಿನ ಬೇಡರು ಕೊಟ್ಟ ಜೇನು, ಧಾನ್ಯವೇ ಅವರಿಗೆ ಆಹಾರವಾಯಿತು. ಸಾಲಿಗ್ರಾಮ, ತೊಣ್ಣೂರುಗಳನ್ನು ದಾಟಿ ಕೊನೆಗೆ ಈ ಬೆಟ್ಟಕ್ಕೆ ಬಂದು ತಿರುನಾರಾಯಣನನ್ನು ಪ್ರತಿಷ್ಠಾಪಿಸಿದರು. ಸುಮಾರು ಹನ್ನೆರಡು ವರ್ಷ ಈ ಸೀಮೆಯಲ್ಲಿ ಇದ್ದರು ಎಂಬುದು ಪ್ರತೀತಿ. ಊರು ಬಿಡಿಸಿದ ಕಷ್ಟವೇ ಕನ್ನಡ ನಾಡಿಗೆ ಭಾಗ್ಯವಾಯಿತು.

"ಅದಕ್ಕೇ ಹೇಳೋದು, ಆಗೋದೆಲ್ಲಾ ಒಳ್ಳೆಯದಕ್ಕೇ" ಎಂದು ಇಲ್ಲಿಗೇ ಮುಗಿಸಿಬಿಡುವವರು ಬಹಳ ಮಂದಿ. ಆದರೆ ಕಥೆಗೆ ಇನ್ನೊಂದು ಮಗ್ಗುಲಿದೆ.

ಅರಸನ ಭಟರು ಆಚಾರ್ಯರನ್ನು ಹಿಡಿಯಲು ಬಂದಾಗ ಅವರ ಕಾಷಾಯ ಧರಿಸಿ ಆಸ್ಥಾನಕ್ಕೆ ಹೋದವರು ಶಿಷ್ಯ ಕೂರೇಶರು. ಜೊತೆಗೆ ಹೋದವರು ಆಚಾರ್ಯರ ಗುರುಗಳಾದ ವೃದ್ಧ ಮಹಾಪೂರ್ಣರು. ಗುರುಪರಂಪರೆಯ ಕಥೆಗಳ ಪ್ರಕಾರ ಇಬ್ಬರೂ ಕಣ್ಣು ಕಳೆದುಕೊಂಡರು. ಮಹಾಪೂರ್ಣರು ಹಿಂತಿರುಗುವ ದಾರಿಯಲ್ಲೇ ಪ್ರಾಣ ಬಿಟ್ಟರು. ಮೇಲುಕೋಟೆಗೆ ಗುಡಿ ಬರಲೆಂದು ದೇವರು ಕೂರೇಶರ ಕಣ್ಣು ಕಿತ್ತುಕೊಂಡ ಎಂದು ಹೇಳಲು ಯಾರಿಗೆ ಬಾಯಿ ಬಂದೀತು? ಸುದ್ದಿ ಕೇಳಿದ ರಾಮಾನುಜರೂ ಹಾಗೆ ಹೇಳಲಿಲ್ಲ. ಅವರು ಕಣ್ಣೀರಿಟ್ಟರು. ಜಗತ್ತಿಗೆ ಶರಣಾಗತಿ ಕಲಿಸಿದ ಮಹನೀಯರೇ ಅತ್ತರು ಎಂದ ಮೇಲೆ, ಅಳುವುದು ನಂಬಿಕೆ ಇಲ್ಲದವರ ಲಕ್ಷಣವಲ್ಲ.

ಹಾಗಾದರೆ ದೇವರನ್ನು ನಂಬುವುದು ಅಂದರೆ ಏನು? ಶರಣಾಗತಿಗೆ ಆರು ಅಂಗಗಳನ್ನು ಹಿರಿಯರು ಹೇಳಿದ್ದಾರೆ. 'ಅವನು ಕಾಪಾಡಿಯೇ ತೀರುತ್ತಾನೆ' ಎಂಬ ವಿಶ್ವಾಸ ಅದರಲ್ಲಿ ಮೂರನೆಯದು. ಅದಕ್ಕೂ ಮೊದಲು ಎರಡಿವೆ. ಅವನಿಗೆ ಮೆಚ್ಚುಗೆಯಾಗುವುದನ್ನು ಮಾಡುವ ಸಂಕಲ್ಪ ಒಂದು. ಅವನಿಗೆ ಒಪ್ಪದ್ದನ್ನು ಬಿಡುವುದು ಎರಡನೆಯದು. ಕೈಕಟ್ಟಿ ಕೂತು 'ದೇವರಿದ್ದಾನೆ ಬಿಡಿ' ಅನ್ನುವವರು ಮೊದಲಿನ ಎರಡು ಮೆಟ್ಟಿಲು ಹತ್ತದೆ ಮೂರನೆಯದಕ್ಕೆ ಕಾಲು ಚಾಚಿದ ಹಾಗೆ.

ರಾಮಾನುಜರು ಶ್ರೀರಂಗ ಬಿಟ್ಟಾಗ ಮುಂದೆ ಏನಾಗುತ್ತದೆ ಎಂದು ದೇವರು ಚೀಟಿ ಬರೆದು ಕೊಟ್ಟಿರಲಿಲ್ಲ. ಇದ್ದ ಊರಿನಲ್ಲಿ ಆದ ಕೆಲಸವನ್ನು ಅವರು ಮಾಡುತ್ತಾ ಹೋದರು. ಗುಡಿ ಎತ್ತಿದರು, ಪೂಜಾಕ್ರಮ ಗೊತ್ತುಮಾಡಿದರು. ತೊಣ್ಣೂರಿನ ದೊಡ್ಡ ಕೆರೆಯೂ ಅವರ ಪ್ರೇರಣೆಯಿಂದಲೇ ಆಯಿತೆಂದು ಜನ ನಂಬುತ್ತಾರೆ. ಕಳೆದದ್ದರ ದುಃಖ ಮನಸ್ಸಿನಲ್ಲಿ ಇತ್ತು, ಆದರೆ ಕೈ ಸುಮ್ಮನಿರಲಿಲ್ಲ. ಇದು ಮೊದಲನೆಯ ಮೆಟ್ಟಿಲು.

ಎರಡನೆಯ ಮೆಟ್ಟಿಲನ್ನು ಕೂರೇಶರು ತೋರಿಸಿದರು. ಕಂಚಿ ವರದರಾಜನಲ್ಲಿ ಕಣ್ಣು ಬೇಡು ಎಂದು ಆಚಾರ್ಯರೇ ಅವರಿಗೆ ಮುಂದೆ ಹೇಳಿದರಂತೆ. ಸನ್ನಿಧಿಯಲ್ಲಿ ನಿಂತ ಕೂರೇಶರು ಕಣ್ಣು ಕೇಳಲಿಲ್ಲ. ತಮ್ಮನ್ನು ಅರಸನಿಗೆ ಹಿಡಿದುಕೊಟ್ಟ ನಾಲೂರಾನ್ ಎಂಬುವನಿಗೂ ತಮಗೆ ಸಿಗುವ ಸದ್ಗತಿಯೇ ಸಿಗಲಿ ಎಂದು ಬೇಡಿದರು. ಕಣ್ಣು ಹೋಗಿತ್ತು, ಆದರೆ ದ್ವೇಷ ಒಳಗೆ ಬರಲು ಅವರು ಬಾಗಿಲು ತೆರೆಯಲಿಲ್ಲ.

ಆದ್ದರಿಂದ ಕಷ್ಟದಲ್ಲಿರುವವರು ದೇವರ ಲೆಕ್ಕವನ್ನು ಈಗಲೇ ಬಿಡಿಸಬೇಕಾಗಿಲ್ಲ. ಈ ದಿನದ ಕೆಲಸ ಯಾವುದು, ಯಾರ ಮೇಲಿನ ಸಿಟ್ಟನ್ನು ಇಳಿಸಬೇಕು, ಇವೆರಡು ತಿಳಿದರೆ ಸಾಕು. ಹಾಗೆಯೇ ಪಕ್ಕದ ಮನೆಯವರ ಕಷ್ಟಕ್ಕೆ 'ಎಲ್ಲಾ ದೇವರ ಇಚ್ಛೆ' ಎಂದು ಉಪದೇಶ ಮಾಡುವ ಬದಲು ಒಂದು ಹೊತ್ತಿನ ಅನ್ನ ತೆಗೆದುಕೊಂಡು ಹೋಗುವುದು ಮೇಲು. 'ನನ್ನ ಕಷ್ಟ ನನ್ನ ಒಳ್ಳೆಯದಕ್ಕೇ ಆಯಿತು' ಎಂಬ ಮಾತನ್ನು ಅನುಭವಿಸಿದವರೇ ಒಂದು ದಿನ ಹೇಳಬೇಕು. ಬೇರೆಯವರು ಅವರ ಪರವಾಗಿ ಹೇಳಬಾರದು. ಕಾಡಿನಲ್ಲಿ ಹಸಿದು ಬಂದ ಯತಿಗಳಿಗೆ ಬೇಡರು ವೇದಾಂತ ಹೇಳಲಿಲ್ಲ, ಜೇನು ಕೊಟ್ಟರು. ದೇವರ ಕೈ ಆ ದಿನ ಅವರ ಕೈಯಾಗಿತ್ತು.

ಬೆಟ್ಟ ಹತ್ತುವಾಗ ಕಣ್ಣಿಗೆ ಕಾಣುವುದು ಮುಂದಿನ ಒಂದೆರಡು ಮೆಟ್ಟಿಲು ಮಾತ್ರ. ಮೇಲೆ ಹೋಗಿ ನಿಂತಾಗ ಕೆಳಗೆ ಕಲ್ಯಾಣಿ, ಊರು, ಬಂದ ದಾರಿ ಎಲ್ಲವೂ ಕಾಣುತ್ತದೆ. ಅಲ್ಲಿಯವರೆಗೆ ಒಂದೊಂದೇ ಮೆಟ್ಟಿಲು ಹತ್ತುವ ಶಕ್ತಿಯನ್ನೂ, ಸುಸ್ತಾದವರ ಕೈ ಹಿಡಿಯುವ ಮನಸ್ಸನ್ನೂ ಶ್ರೀ ಚೆಲುವನಾರಾಯಣಸ್ವಾಮಿಯು ಬಂದ ಭಕ್ತಾದಿಗಳೆಲ್ಲರಿಗೂ ಕರುಣಿಸಲಿ.

ಸರ್ವೇಜನಾಃ ಸುಖಿನೋ ಭವಂತು.