ಮಗುವಿನ ಸೈಕಲ್ಲು, ಹಿರಿಯರ ರಾಜಿ

ಸೈಕಲ್ ತುಳಿಯುತ್ತಿದ್ದ ಮಗುವಿಗೂ ಕಾರಿಗೂ ಡಿಕ್ಕಿಯಾದಾಗ ಬೀದಿಯಲ್ಲಿ ಏಳುವ ವಾಗ್ವಾದದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗುತ್ತವೆ: ತಪ್ಪು ಯಾರದು ಎಂಬುದು ಒಂದು, ಆದ ನೋವು ನಷ್ಟಗಳನ್ನು ಹೊರಬೇಕಾದವರು ಯಾರು ಎಂಬುದು ಇನ್ನೊಂದು. ಮೊದಲನೆಯದನ್ನು ದೋಷದ ಪ್ರಶ್ನೆಯೆಂದೂ ಎರಡನೆಯದನ್ನು ಹೊಣೆಯ ಪ್ರಶ್ನೆಯೆಂದೂ ಕರೆಯಬಹುದು. ದೋಷವಿದ್ದವನಿಗೆ ಮಾತ್ರ ಹೊಣೆ ಎಂಬ ನಂಬಿಕೆ ಬಲವಾಗಿರುವುದರಿಂದಲೇ ನೆರೆದ ಜನ ದೊಡ್ಡ ವಾಹನದವನೇ ತಪ್ಪಿತಸ್ಥನೆಂದು ತೀರ್ಮಾನಿಸಿ ಚಾಲಕನ ಮೇಲೆ ಕೈಮಾಡುವುದೂ, ಚಾಲಕನು ‘ಹುಡುಗನೇ ಅಡ್ಡ ಬಂದ’ ಎಂಬ ಒಂದೇ ಮಾತನ್ನು ಬಿಗಿಯಾಗಿ ಹಿಡಿದು ನಿಲ್ಲುವುದೂ ನಡೆಯುತ್ತದೆ.

ಈ ವ್ಯಾಜ್ಯ ಮೋಟಾರಿನ ಕಾಲದಲ್ಲಿ ಹುಟ್ಟಿದ್ದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಬಂಡಿಯಿಂದಾಗುವ ಹಾನಿಯನ್ನು ಕುರಿತು ಹೇಳುವಾಗ, ಮೂಗುದಾರ ಕಡಿದರೆ, ನೊಗ ಮುರಿದರೆ, ಅಚ್ಚು ಅಥವಾ ಗಾಲಿ ಒಡೆದರೆ, ಬಂಡಿ ಹಿಮ್ಮುಖವಾಗಿ ಸರಿದರೆ ದಂಡವಿಲ್ಲವೆಂದು ಹತ್ತು ವಿನಾಯಿತಿಗಳನ್ನು ಎಣಿಸುತ್ತದೆ. ಚಾಲಕನು ಪಳಗಿದವನಲ್ಲದಿದ್ದರೆ ಒಡೆಯನಿಗೆ 200 ಪಣ, ಅಂದರೆ ಅಂದಿನ ನಾಣ್ಯದ ಲೆಕ್ಕದಲ್ಲಿ ಅಷ್ಟು ದಂಡವನ್ನೂ, ಅಂಥವನ ಬಂಡಿಯೇರಿ ಕುಳಿತವರಿಗೆ ತಲಾ 100 ಪಣವನ್ನೂ ವಿಧಿಸುತ್ತದೆ. ಪಳಗಿದವನಾಗಿದ್ದರೆ ದಂಡ ಚಾಲಕನದೇ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದೇ ವಿಚಾರವಿದ್ದು, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಮನುವಿನ ಪಟ್ಟಿಯಲ್ಲಿ ಕೊನೆಗೆ ಬರುವ ವಿನಾಯಿತಿ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು: ‘ಸರಿ, ಸರಿ’ ಎಂದು ಚಾಲಕನು ಗಟ್ಟಿಯಾಗಿ ಕೂಗಿದ್ದರೆ ಅವನಿಗೆ ದಂಡವಿಲ್ಲ. ಹಾರ್ನ್ ಹೊಡೆದಿದ್ದೆನೆಂಬ ಇಂದಿನ ಸಮಜಾಯಿಷಿ ಈ ಮಾತಿನ ನೇರ ವಂಶಸ್ಥ. ಆದರೆ ಕೂಗು ಎಚ್ಚರಿಕೆಯಾಗುವುದು ಅದನ್ನು ಕೇಳಿ, ಅದು ಬಂದ ದಿಕ್ಕನ್ನೂ ಬರುತ್ತಿರುವ ವೇಗವನ್ನೂ ಅಳೆದು, ತಕ್ಕಂತೆ ಸರಿಯಬಲ್ಲವನಿಗೆ ಮಾತ್ರ. ಏಳೆಂಟು ವರ್ಷದ ಮಗುವಿಗೆ ಆ ಅಳತೆ ಇನ್ನೂ ಕೈಗೂಡಿರುವುದಿಲ್ಲ; ಹಿಂದಿನಿಂದ ಬಂದ ಸದ್ದಿಗೆ ಬೆಚ್ಚಿ ಹ್ಯಾಂಡಲ್ಲನ್ನು ಅತ್ತಲೇ ತಿರುಗಿಸಿಬಿಡುವುದೂ ಉಂಟು. ಹೀಗಾಗಿ ಬೆಳೆದವರ ನಡುವೆ ನ್ಯಾಯವೆನಿಸುವ ವಿನಾಯಿತಿಯು ಮಗುವಿನ ಮುಂದೆ ತನ್ನ ಆಧಾರವನ್ನೇ ಕಳೆದುಕೊಳ್ಳುತ್ತದೆ.

ಮಗುವಿನ ಕೃತ್ಯಕ್ಕೆ ಪಾಪದ ಲೇಪವುಂಟೇ ಎಂಬ ಪ್ರಶ್ನೆಯನ್ನು ಮಹಾಭಾರತದ ಆದಿಪರ್ವವು ಅಣಿಮಾಂಡವ್ಯನ ಕಥೆಯಲ್ಲಿ ಎತ್ತಿಕೊಳ್ಳುತ್ತದೆ. ಕಳ್ಳನೆಂಬ ತಪ್ಪು ತಿಳಿವಳಿಕೆಯಿಂದ ಶೂಲಕ್ಕೇರಿಸಲ್ಪಟ್ಟ ಆ ಮುನಿಯು ಇದು ಯಾವ ಕರ್ಮದ ಫಲವೆಂದು ಕೇಳಿದಾಗ, ಬಾಲ್ಯದಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲವೆಂದು ಧರ್ಮದೇವತೆ ಉತ್ತರಿಸುತ್ತಾನೆ. ಮುನಿ ಆ ಉತ್ತರವನ್ನು ಒಪ್ಪುವುದಿಲ್ಲ. ಧರ್ಮನನ್ನೇ ಮನುಷ್ಯನಾಗಿ ಹುಟ್ಟೆಂದು ಶಪಿಸಿ, ಇನ್ನು ಮುಂದೆ 14 ವರ್ಷದವರೆಗಿನ ಕೃತ್ಯಕ್ಕೆ ಪಾತಕವಿಲ್ಲವೆಂದು ಮೇರೆ ಹಾಕುತ್ತಾನೆ, ಆ ಶಾಪದಿಂದ ವಿದುರನು ಹುಟ್ಟುತ್ತಾನೆ. ಮಗುವನ್ನು ದೊಡ್ಡವನ ಅಳತೆಗೋಲಿನಿಂದ ಅಳೆದ ನ್ಯಾಯಾಧಿಪತಿಗೇ ಶಿಕ್ಷೆಯಾಯಿತೆಂಬುದು ಈ ಕಥೆಯ ಅಸಾಧಾರಣ ಧೈರ್ಯ. ಧರ್ಮಶಾಸ್ತ್ರದ ಪ್ರಾಯಶ್ಚಿತ್ತ ಪ್ರಕರಣಗಳು, ಅಂದರೆ ಪಾಪಪರಿಹಾರದ ವಿಧಿಗಳನ್ನು ಹೇಳುವ ಭಾಗಗಳು, ಇನ್ನೂ ಸೂಕ್ಷ್ಮವಾದ ಏರ್ಪಾಡನ್ನು ಮಾಡುತ್ತವೆ: ಐದು ದಾಟಿದ, ಹನ್ನೊಂದು ತುಂಬದ ಮಗುವಿನ ಪರವಾಗಿ ಗುರುವೋ ಆಪ್ತನೋ ಪ್ರಾಯಶ್ಚಿತ್ತವನ್ನು ಆಚರಿಸಬೇಕು; ಅದಕ್ಕಿಂತ ಎಳೆಯದಕ್ಕೆ ಅಪರಾಧವೂ ಇಲ್ಲ, ರಾಜದಂಡವೂ ಇಲ್ಲ. ಕಾರಿನವನ ಸಿಟ್ಟು ಇಳಿಯಲೆಂದು ಗಾಯಗೊಂಡ ಮಗುವಿಗೇ ನಡುರಸ್ತೆಯಲ್ಲಿ ಎರಡೇಟು ಹಾಕುವ ತಂದೆಯು ಈ ವಿಧಿಯನ್ನು ತಲೆಕೆಳಗು ಮಾಡುತ್ತಾನೆ. ಹಿರಿಯನು ಹೊರಬೇಕಾದದ್ದನ್ನು ಮಗುವಿನ ಬೆನ್ನಿಗೆ ಹೊರಿಸುತ್ತಾನೆ.

ಮಗು ನಿರ್ದೋಷಿಯೆಂದಾದರೆ ಚಾಲಕನು ದೋಷಿಯೆಂದು ಅರ್ಥವಾಗುವುದಿಲ್ಲ. ಮಿತವಾದ ವೇಗದಲ್ಲಿ, ಕಣ್ಣಿಟ್ಟು ನಡೆಸಿದರೂ ಅಡ್ಡರಸ್ತೆಯಿಂದ ಒಮ್ಮೆಲೇ ನುಗ್ಗಿದ ಸೈಕಲ್ಲನ್ನು ತಪ್ಪಿಸಲಾಗದೆ ಹೋಗಬಹುದು. ಇಂಗ್ಲಿಷ್ ತತ್ತ್ವಚಿಂತಕ ಬರ್ನಾರ್ಡ್ ವಿಲಿಯಮ್ಸ್ ‘ನೈತಿಕ ಅದೃಷ್ಟ’ವನ್ನು ಕುರಿತ ತನ್ನ ಪ್ರಬಂಧದಲ್ಲಿ, ತನ್ನ ತಪ್ಪೇನೂ ಇಲ್ಲದೆ ಮಗುವಿನ ಮೇಲೆ ಲಾರಿ ಹಾಯಿಸಿದವನ ಉದಾಹರಣೆಯನ್ನೇ ತೆಗೆದುಕೊಂಡನು. ಅಂಥವನಿಗೆ ಉಂಟಾಗುವ ಸಂಕಟವು ನೋಡುಗರ ಮರುಕದಿಂದ ಬೇರೆಯಾದುದೆಂದೂ, ‘ಇದು ನನ್ನ ಕೈಯಿಂದ ಆಯಿತು’ ಎಂಬ ಅರಿವು ಅದರ ತಿರುಳೆಂದೂ ಅವನು ವಿವರಿಸುತ್ತಾನೆ. ಇದನ್ನು ಕನ್ನಡದಲ್ಲಿ ಕರ್ತೃವಿಷಾದ ಎನ್ನಬಹುದು. ಸುತ್ತಲಿನವರು ಅವನನ್ನು ಸಂತೈಸುವುದು ಸರಿ, ಆದರೆ ಅವನು ಸುಲಭವಾಗಿ ಸಮಾಧಾನಗೊಂಡುಬಿಟ್ಟರೆ ಅವನ ಬಗ್ಗೆಯೇ ಸಂಶಯ ಮೂಡುತ್ತದೆ. ಈ ವಿಷಾದವೇ ದೋಷವಿಲ್ಲದ ಹೊಣೆಯ ಬೇರು.

ಇಂದಿನ ಕಾನೂನು ಈ ಭೇದವನ್ನು ತನ್ನದೇ ರೀತಿಯಲ್ಲಿ ಒಪ್ಪಿಕೊಂಡಿದೆ. ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನಂತೆ ಏಳು ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲ, 21ನೇ ಕಲಮಿನಂತೆ ಏಳರಿಂದ ಹನ್ನೆರಡರವರೆಗೆ ತಿಳಿವಳಿಕೆಯ ಪಕ್ವತೆಯನ್ನು ನೋಡಬೇಕು. ಮೋಟಾರು ವಾಹನ ಕಾಯಿದೆಯ 164ನೇ ಕಲಮು ಯಾರ ತಪ್ಪನ್ನೂ ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಮಾಡಿದೆ. ಜರ್ಮನಿಯು 2002ರಿಂದ, ಮೋಟಾರು ವಾಹನದೊಡನಾದ ಅಪಘಾತದಲ್ಲಿ ಹತ್ತು ತುಂಬದ ಮಗುವನ್ನು, ಅದು ಬೇಕೆಂದೇ ಮಾಡಿದ ಹೊರತು, ನಷ್ಟಕ್ಕೆ ಹೊಣೆ ಮಾಡುವುದಿಲ್ಲ. ಎಂದರೆ ಕಾರಿನ ಬಾಗಿಲಿಗಾದ ನೆಗ್ಗಿನ ಖರ್ಚನ್ನು ಮಗುವಿನಿಂದ ಕೇಳುವಂತಿಲ್ಲ.

ಆದರೂ ಹೆಚ್ಚಿನ ವ್ಯಾಜ್ಯಗಳು ನ್ಯಾಯಮಂಡಳಿಯನ್ನು ತಲುಪುವುದಿಲ್ಲ. ರಸ್ತೆಯಂಚಿನಲ್ಲೋ ಠಾಣೆಯ ಜಗಲಿಯಲ್ಲೋ ಒಂದಿಷ್ಟು ಹಣ ಕೈಬದಲಾಗಿ, ‘ರಾಜಿಯಾಗಿದೆ’ ಎಂಬ ಕಾಗದಕ್ಕೆ ರುಜು ಬಿದ್ದು ಮುಗಿಯುತ್ತವೆ. ರಾಜಿಯನ್ನು ಹೀಗಳೆಯಬೇಕಾಗಿಲ್ಲ, ನೆರೆಹೊರೆಯವರ ನಡುವೆ ವರ್ಷಗಟ್ಟಲೆ ಹಗೆ ಉಳಿಯುವುದಕ್ಕಿಂತ ಅದು ಮೇಲು. ಆದರೆ ಅಲ್ಲಿ ಮಾತಾಡುವವರೆಲ್ಲ ದೊಡ್ಡವರು, ಕ್ಷಮಿಸುವವರೂ ದೊಡ್ಡವರೇ. ನೋವುಂಡವನಿಗೆ ಮಾತ್ರ ಇರುವ ಕ್ಷಮಿಸುವ ಅಧಿಕಾರವನ್ನು ಬೇರೊಬ್ಬರು ಅವನ ಪರವಾಗಿ ಚಲಾಯಿಸಬಹುದೇ? ತಲೆಗಾದ ಪೆಟ್ಟಿನ ಪರಿಣಾಮವು ತಿಂಗಳುಗಳ ನಂತರ ತೋರಬಹುದು, ಬೆಳೆಯುವ ಮೂಳೆಯ ಗಾಯವು ನಡಿಗೆಯನ್ನೇ ಬದಲಿಸಬಹುದು. ಆಗ ಅಂದಿನ ಕಾಗದವು ಯಾರ ನೋವನ್ನು ಮನ್ನಿಸಿದಂತಾಯಿತು? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮವು, ದಾವೆಯಲ್ಲಿ ಅಪ್ರಾಪ್ತ ವಯಸ್ಕನ ಪರವಾಗಿ ನಿಂತವರು ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿ ಮಾಡಿಕೊಳ್ಳಕೂಡದೆಂದು ಹೇಳಿರುವುದು ಈ ಸಂಶಯದಿಂದಲೇ. ಹೆತ್ತವರ ಪ್ರೀತಿಯನ್ನು ಅದು ಅಲ್ಲಗಳೆಯುವುದಿಲ್ಲ, ಅವರ ಅವಸರವನ್ನು ಮತ್ತು ಅಸಹಾಯಕತೆಯನ್ನು ಗಣನೆಗೆ ತಂದುಕೊಳ್ಳುತ್ತದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ಮಗುವಿಗೆಂದು ಕೊಡಿಸಿದ ಹಣವನ್ನು ಸಾಮಾನ್ಯವಾಗಿ ಅದರ ಹೆಸರಿನಲ್ಲಿಯೇ ನಿಶ್ಚಿತ ಠೇವಣಿಯಾಗಿ ಇಡಿಸುತ್ತವೆ. ಹದಿನೆಂಟು ತುಂಬಿದ ದಿನ ಅದನ್ನು ಕೇಳಲು ಬರುವವನು, ಸೈಕಲ್ಲಿನಿಂದ ಬಿದ್ದ ಆ ದಿನ ಯಾರೂ ಮಾತಾಡಿಸದಿದ್ದ ಮಗುವೇ.