ಕಾವಲು ಕೇಳುವ ಕಾರಣ

2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲವೊಂದರಲ್ಲಿ ‘ತಪಸ್’ ಎಂಬ ಮಾನವರಹಿತ ವಿಮಾನ ಬಿದ್ದಿತು. 2019ರ ಸೆಪ್ಟೆಂಬರಿನಲ್ಲಿ ಅದೇ ಮಾದರಿಯ ಇನ್ನೊಂದು ಜೋಡಿಚಿಕ್ಕೇನಹಳ್ಳಿ ಬಳಿ ಬಿದ್ದಿತ್ತು. ಎರಡೂ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯಕ್ಕೆ ಸೇರಿದವು, ಜೀವಹಾನಿಯಾಗಲಿಲ್ಲ. ಹಿರಿಯೂರು ತಾಲ್ಲೂಕಿನದೇ ಆದ ಹರಿಯಬ್ಬೆ, ಧರ್ಮಪುರದ ಕಡೆಯವರಿಗೆ ರಾಷ್ಟ್ರೀಯ ಭದ್ರತೆ ಎಂಬುದು ಹೀಗೆ ಹೊಲದ ಬದುವಿನವರೆಗೂ ಬಂದಿದೆ. ಭದ್ರತೆಗೂ ನಾಗರಿಕ ಸ್ವಾತಂತ್ರ್ಯಕ್ಕೂ ತಿಕ್ಕಾಟ ಬಂದಾಗಲೆಲ್ಲ ನಾವು ತಕ್ಕಡಿಯ ಲೆಕ್ಕದಲ್ಲೇ ಯೋಚಿಸುತ್ತೇವೆ. ಒಂದು ತಟ್ಟೆಯಲ್ಲಿ ಇಡೀ ದೇಶದ ಉಳಿವು, ಇನ್ನೊಂದರಲ್ಲಿ ಒಬ್ಬ ಕುರಿಗಾಹಿಯ ಹಕ್ಕು. ಹಾಗೆ ತೂಗಲು ಕೂತರೆ ಫಲಿತಾಂಶ ಮೊದಲೇ ಗೊತ್ತು. ದೇಶದೆದುರು ಯಾವ ಒಬ್ಬನ ಹಕ್ಕು ತಾನೇ ಭಾರವಾದೀತು? ತೂಗುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ, ಅವಕ್ಕೆ ಉತ್ತರಿಸುವ ಹೊಣೆ ಅಧಿಕಾರ ಹಿಡಿದವರದು ಎಂಬುದೇ ಅನುಪಾತ ತತ್ತ್ವದ ತಿರುಳು.

ಈ ತತ್ತ್ವ ರೂಪುಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾದಲ್ಲಿ, ಪೊಲೀಸರ ಅಧಿಕಾರಕ್ಕೆ ಮಿತಿ ಹಾಕಹೊರಟ ಆಡಳಿತ ನ್ಯಾಯಾಲಯಗಳಲ್ಲಿ. ನಮ್ಮಲ್ಲಿ ಅದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಿಂದ. ಆಧಾರ್ ವಿರುದ್ಧ 2012ರಲ್ಲಿ ಅವರು ಸಲ್ಲಿಸಿದ ಅರ್ಜಿ ಬೆಳೆಯುತ್ತ ಹೋಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಪ್ರಶ್ನೆಗಳು ಕೇಳುವುದಕ್ಕೆ ಸರಳ. ಸರ್ಕಾರದ ಉದ್ದೇಶ ನ್ಯಾಯಸಮ್ಮತವೇ? ಹಿಡಿದ ಕ್ರಮ ಆ ಉದ್ದೇಶಕ್ಕೆ ನಿಜವಾಗಿ ನೆರವಾಗುತ್ತದೆಯೇ? ಹಕ್ಕನ್ನು ಇದಕ್ಕಿಂತ ಕಡಿಮೆ ಮೊಟಕುಗೊಳಿಸಿ ಅದೇ ಕೆಲಸ ಸಾಧಿಸಬಹುದಿತ್ತೇ? ಇಷ್ಟೂ ದಾಟಿದ ಮೇಲಷ್ಟೇ ಕೊನೆಯದು: ಬಂದ ಲಾಭಕ್ಕೆ ಹೋದ ಹಕ್ಕು ಸಾಟಿಯೇ? ತಕ್ಕಡಿಗೆ ಇಲ್ಲಿಯೂ ಜಾಗವುಂಟು, ಆದರೆ ಕೊನೆಯಲ್ಲಿ. ಎಷ್ಟೋ ಪ್ರಕರಣಗಳು ಮೂರನೆಯ ಪ್ರಶ್ನೆಯಲ್ಲೇ ಇತ್ಯರ್ಥವಾಗಿಬಿಡುತ್ತವೆ.

ಚಳ್ಳಕೆರೆಯ ಅಮೃತ್ ಮಹಲ್ ಕಾವಲಿಗೆ ಇದನ್ನು ಹಚ್ಚಿ ನೋಡಬಹುದು. ಆ ಕಾವಲುಗಳೇ ಒಂದು ಕಾಲದ ರಕ್ಷಣಾ ಯೋಜನೆ ಎಂಬುದನ್ನು ಮರೆಯಬಾರದು: ಮೈಸೂರಿನ ಸೈನ್ಯದ ಸರಂಜಾಮು ಎಳೆಯುವ ಎತ್ತುಗಳು ಮೇಯ್ದು ಬೆಳೆದದ್ದು ಇಂಥ ಹುಲ್ಲುಗಾವಲುಗಳಲ್ಲಿ. ಕಾಲಕ್ರಮೇಣ ಸುತ್ತಲ ಹಳ್ಳಿಗಳ ಕುರಿ, ದನ, ಅವನ್ನು ನೆಚ್ಚಿದ ಕಂಬಳಿ ನೇಕಾರಿಕೆ ಎಲ್ಲವೂ ಈ ನೆಲಕ್ಕೆ ಕಟ್ಟುಬಿದ್ದವು. ಕುದಾಪುರ, ವರವು, ದೊಡ್ಡ ಉಳ್ಳಾರ್ತಿ ಸುತ್ತಿನ ಸುಮಾರು 10,000 ಎಕರೆ ಕಾವಲು ನಾನಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಡಿಆರ್‌ಡಿಒ ಒಂದಕ್ಕೇ 4,290 ಎಕರೆ. ಗೋಡೆಗಳು ಎದ್ದವು. ವಿಷಯ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು, 2017ರ ಮೇ ತಿಂಗಳಲ್ಲಿ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು. ವಿಮಾನ ಪರೀಕ್ಷೆಗೆ ಜನವಸತಿ ವಿರಳವಾದ ಬಯಲು ಬೇಕೆಂಬುದು ನ್ಯಾಯವಾದ ಉದ್ದೇಶ; ಕುದಾಪುರದ ಬಯಲು ಅದಕ್ಕೆ ಒದಗುತ್ತದೆ ಎಂಬುದೂ ನಿಜ. ಸಿಕ್ಕು ಇರುವುದು ಮೂರನೆಯ ಪ್ರಶ್ನೆಯಲ್ಲಿ. ಅಷ್ಟೂ ಎಕರೆ ಅಷ್ಟೂ ಹೊತ್ತು ಗೋಡೆಯೊಳಗೇ ಇರಬೇಕೇ? ಹಾರಾಟವಿಲ್ಲದ ದಿನ, ರನ್‌ವೇಯಿಂದ ದೂರದ ಭಾಗದಲ್ಲಿ, ಗುರುತಿನ ಚೀಟಿ ಕೊಟ್ಟು ಮೇಯಿಸಲು ಬಿಡಬಹುದಿತ್ತೇ? ಉತ್ತರ ‘ಆಗದು’ ಎಂದೇ ಇರಬಹುದು. ಆದರೆ ಅದನ್ನು ಕಾರಣಸಹಿತ ಹೇಳಬೇಕಿತ್ತು, ಅದೂ ನೆಲ ಹಂಚುವ ಮೊದಲು. ಸಾಲದ್ದಕ್ಕೆ ಇದೇ ಕಾವಲಿನಲ್ಲಿ ಉನ್ನತ ಶಿಕ್ಷಣ ಸಂಸ್ಥೆಗೂ ಸೌರವಿದ್ಯುತ್ತಿಗೂ ಪಾಲು ಸಿಕ್ಕಿತು. ಪಾಠ ಹೇಳುವ, ಬಿಸಿಲು ಹಿಡಿಯುವ ಕೆಲಸಕ್ಕೆ ರಕ್ಷಣೆಯ ಕಾರಣ ಹೊಂದುವುದಿಲ್ಲ. ನೆರೆಯಲ್ಲಿದ್ದ ಮಾತ್ರಕ್ಕೆ ಅವಕ್ಕೂ ಅದೇ ಮೌನ ದಕ್ಕಬಾರದು.

ಮೇವಿನ ಪ್ರಶ್ನೆ ಜೀವನೋಪಾಯದ್ದು, ನಾಗರಿಕ ಸ್ವಾತಂತ್ರ್ಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಮೇವು ಹೋದದ್ದು ಜೀವನೋಪಾಯದ ನಷ್ಟ, ಸರಿ. ಹೋಗುವ ಮೊದಲು ಒಂದು ಮಾತು ಕೇಳಿಸಿಕೊಳ್ಳದೆ ಇದ್ದದ್ದು ಸ್ವಾತಂತ್ರ್ಯದ ನಷ್ಟ. ತನ್ನ ಮೇಲೆ ಬಲ ಪ್ರಯೋಗಿಸುವವರನ್ನು ‘ಯಾಕೆ’ ಎಂದು ಕೇಳುವ ಹಕ್ಕು ಬಂಧಿಗೂ ಕುರಿಗಾಹಿಗೂ ಒಂದೇ. ಆ ಹಕ್ಕೇ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ತುರ್ತುಪರಿಸ್ಥಿತಿಯ ಬೆಂಗಳೂರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1975ರ ಜೂನ್‌ನಲ್ಲಿ ಅಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಕರ್ನಾಟಕ ಹೈಕೋರ್ಟಿಗೆ ಹೋದರು. ಅರ್ಜಿ ವಿಚಾರಣೆಗೆ ಯೋಗ್ಯವೆಂದು ಅದು ಹೇಳಿತು. ಬೇರೆ ಹಲವು ಹೈಕೋರ್ಟುಗಳೂ ಹಾಗೇ ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ಭಿನ್ನ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜಬಲ್ಪುರ ಪ್ರಕರಣವೆಂದು ಹೆಸರಾದ 1976ರ ಆ ತೀರ್ಪನ್ನು ಸ್ಪಷ್ಟವಾಗಿ ರದ್ದುಮಾಡಿದ್ದು ಪುಟ್ಟಸ್ವಾಮಿ ತೀರ್ಪು, ನಲವತ್ತೊಂದು ವರ್ಷದ ನಂತರ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕಾರಣ ಬಿಚ್ಚಿ ಹೇಳಿದರೆ ಶತ್ರುವಿಗೂ ಹೇಳಿದಂತೆ. ಅಲ್ಲದೆ ಯುದ್ಧಶಾಸ್ತ್ರ ತಿಳಿಯದ ನ್ಯಾಯಾಧೀಶರು ಅದನ್ನು ಅಳೆಯುವುದಾದರೂ ಹೇಗೆ? ಗೋಪ್ಯವಾಗಿಡಲೇಬೇಕಾದ ಸಂಗತಿಗಳಿವೆ ಎಂಬುದನ್ನು ಒಪ್ಪಲೇಬೇಕು. ಆದರೆ ಯಾವ ಯಂತ್ರ ಎಷ್ಟು ಎತ್ತರಕ್ಕೆ ಹಾರುತ್ತದೆ ಎಂಬುದು ಒಂದು ಗುಟ್ಟು. ಗೋಡೆಯಾಚೆಯ ಕುರಿಗಳು ಎಲ್ಲಿ ಮೇಯಬೇಕು ಎಂಬುದು ಗುಟ್ಟೇ ಅಲ್ಲ. ಮೊದಲನೆಯದರ ಮುಸುಕನ್ನು ಎರಡನೆಯದರ ಮೇಲೂ ಎಳೆಯುವುದು ಆಡಳಿತಕ್ಕೆ ಸಲೀಸು, ಅಷ್ಟೆ. ನ್ಯಾಯಾಧೀಶರಿಗೂ ಇಲ್ಲಿ ಸೇನಾಪತಿಯಾಗುವ ಕೆಲಸವಿಲ್ಲ, ಕಾರಣ ಕೊಟ್ಟಿದ್ದಾರೋ ಇಲ್ಲವೋ, ಕೊಟ್ಟ ಕಾರಣ ನಿಲ್ಲುತ್ತದೋ ಇಲ್ಲವೋ ಎಂದು ನೋಡಿದರೆ ಸಾಕು. ಕಾಶ್ಮೀರದ ಇಂಟರ್‌ನೆಟ್ ಸ್ಥಗಿತದ ಬಗ್ಗೆ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಂಥ ಆದೇಶಗಳನ್ನು ಪ್ರಕಟಿಸಬೇಕೆಂದು. ಮಲಯಾಳದ ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ, 2023ರ ಏಪ್ರಿಲ್‌ನಲ್ಲಿ, ಭದ್ರತೆಯ ಹೆಸರು ಹೇಳಿ ಮೊಹರು ಹಾಕಿದ ಲಕೋಟೆ ಕೊಟ್ಟುಬಿಟ್ಟರೆ ಸಾಲದು, ಆ ಹೆಸರಿಗೆ ಆಧಾರ ಬೇಕೆಂದಿತು. ಮಾಹಿತಿ ಹಕ್ಕು ಕಾಯ್ದೆಯ 8ನೆಯ ಕಲಮು ಕೂಡ ಭದ್ರತೆಗೆ ವಿನಾಯಿತಿ ಕೊಟ್ಟ ಕೈಯಲ್ಲೇ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎನ್ನುತ್ತದೆ.

ತತ್ತ್ವ ನ್ಯಾಯಾಲಯದಲ್ಲಿ ಇಷ್ಟು ದೂರ ಬಂದಿದ್ದರೂ ನಿಯಮಗಳಲ್ಲಿ ಇನ್ನೂ ಹಿಂದುಳಿದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ರಾಷ್ಟ್ರರಕ್ಷಣೆ, ಭದ್ರತೆಯ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯೇ ಬೇಡ. ವ್ಯೂಹಾತ್ಮಕ ಮಹತ್ವದ್ದೆಂದು ಕೇಂದ್ರ ಸರ್ಕಾರ ನಿರ್ಧರಿಸಿದ ಬೇರೆ ಯೋಜನೆಗಳಿಗೂ ಅದೇ ವಿನಾಯಿತಿ. ನಿರ್ಧರಿಸುವವರೂ ಅವರೇ, ಉತ್ತರ ಹೇಳಬೇಕಾದವರೂ ಅವರೇ. ವಿನಾಯಿತಿಯನ್ನು ಪೂರ್ತಿ ತೆಗೆಯಬೇಕೆಂದೇನೂ ಇಲ್ಲ, ಒಡೆಯಬೇಕು: ಯಂತ್ರ, ತಂತ್ರ, ಪರೀಕ್ಷೆಯ ವಿವರ ಗೋಪ್ಯವಾಗಿರಲಿ, ನೆಲದ ಗಡಿ, ನೀರಿನ ಬಳಕೆ, ಮೇವಿನ ಬದಲಿ ಏರ್ಪಾಡು, ವಿಮಾನ ಹೊಲಕ್ಕೆ ಬಿದ್ದರೆ ಪರಿಹಾರ ಯಾರು ಕೊಡುತ್ತಾರೆ, ಎಷ್ಟು ದಿನದೊಳಗೆ ಎಂಬುದು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಬರಲಿ.